ಟಿವಿಯ ಅಪರಾಧ ಧಾರಾವಾಹಿಗಳ ಗುಣ-ದೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪರಾಧ ಧಾರಾವಾಹಿ ಎಂದು ಯಾವುದನ್ನು ಕರೆಯಬೇಕು?

ಒಂದು ಅಪರಾಧ ನಡೆದು, ಅದನ್ನು ಯಾರು ಮಾಡಿದರು, ಏಕೆ ಮಾಡಿದರು, ಅದರಿಂದ ಯಾರ ಬದುಕು ಏನಾಯಿತು ಎಂಬ ವಿಚಾರಣೆಯೇ ಕಥೆಯ ಬೆನ್ನೆಲುಬಾಗಿದ್ದರೆ ಅದು ಅಪರಾಧ ಧಾರಾವಾಹಿ. ಕೌಟುಂಬಿಕ ಧಾರಾವಾಹಿಯ ಮುನ್ನೂರನೆಯ ಕಂತಿನಲ್ಲಿ ಹಾಲಿಗೆ ವಿಷ ಬೆರೆಸುವ ಸಂಚು ಬಂದ ಮಾತ್ರಕ್ಕೆ ಅದು ಈ ಗುಂಪಿಗೆ ಸೇರುವುದಿಲ್ಲ. ಪತ್ತೇದಾರಿ ಕಥೆ, ಪೊಲೀಸ್ ಠಾಣೆಯ ಕಥೆ, ನ್ಯಾಯಾಲಯದ ಕಥೆ, ನಿಜ ಪ್ರಕರಣಗಳ ನಾಟಕರೂಪ ಇವೆಲ್ಲವೂ ಇದರ ಕವಲುಗಳು. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಇವನ್ನು ಪ್ರೀತಿಯಿಂದ ನೋಡುತ್ತ ಬಂದ ಒಬ್ಬ ವೀಕ್ಷಕನ ಅಭಿಪ್ರಾಯಗಳು ಈ ಉತ್ತರಗಳಲ್ಲಿವೆ.

ಚಲನಚಿತ್ರಕ್ಕಿಲ್ಲದ ಯಾವ ಬಲ ಧಾರಾವಾಹಿಗಿದೆ?

ಕಾಲಾವಕಾಶ. ಎರಡೂವರೆ ಗಂಟೆಯ ಚಿತ್ರದಲ್ಲಿ ಕೊಲೆಯಾದ ವ್ಯಕ್ತಿ ಕಥೆ ಆರಂಭವಾಗಲು ಬೇಕಾದ ಒಂದು ನೆಪವಾಗಿಬಿಡುತ್ತಾನೆ. ಆತನ ಮನೆಯಲ್ಲಿ ಮರುದಿನ ಒಲೆ ಹತ್ತಿತೇ, ಆತನ ತಮ್ಮ ಯಾವಾಗ ಮತ್ತೆ ಶಾಲೆಗೆ ಹೋದ ಎಂಬುದನ್ನು ತೋರಿಸಲು ಅಲ್ಲಿ ಸಮಯ ಇರುವುದಿಲ್ಲ. 2007ರಲ್ಲಿ ಬಂದ ಡೆನ್ಮಾರ್ಕಿನ ‘ದಿ ಕಿಲ್ಲಿಂಗ್’ ಧಾರಾವಾಹಿಯ ಮೊದಲ ಸರಣಿ ಒಂದೇ ಒಂದು ಕೊಲೆಗೆ 20 ಕಂತುಗಳನ್ನು ಕೊಟ್ಟಿತು, ಒಂದು ಕಂತಿಗೆ ತನಿಖೆಯ ಒಂದು ದಿನ. ಪೊಲೀಸರ ಹುಡುಕಾಟ, ಮಗಳನ್ನು ಕಳೆದುಕೊಂಡ ತಂದೆತಾಯಿಯ ಮನೆ, ಕೋಪನ್‌ಹೇಗನ್ ನಗರದ ಮೇಯರ್ ಚುನಾವಣೆ ಎಂಬ ಮೂರು ಎಳೆಗಳು ಜೊತೆಜೊತೆಯಾಗಿ ಸಾಗುತ್ತವೆ. ತನಿಖೆ ಒಂದು ಹೆಜ್ಜೆ ಮುಂದೆ ಹೋದಾಗಲೆಲ್ಲ ಆ ಮನೆಯ ಮೇಲೆ ಅದರ ಪೆಟ್ಟು ಬೀಳುವುದನ್ನು ನಾವು ನೋಡುತ್ತೇವೆ.

2013ರ ಬ್ರಿಟಿಷ್ ಧಾರಾವಾಹಿ ‘ಬ್ರಾಡ್‌ಚರ್ಚ್’ ಈ ಬಲವನ್ನು ಆರಂಭದ ಕೆಲವು ನಿಮಿಷಗಳಲ್ಲೇ ಬಳಸಿಕೊಳ್ಳುತ್ತದೆ. ಕಡಲತೀರದ ಒಂದು ಸಣ್ಣ ಊರು. ಬೆಳಗಿನ ಹೊತ್ತು ಒಬ್ಬ ತಂದೆ ಬೀದಿಯುದ್ದಕ್ಕೂ ಕಂಡವರಿಗೆಲ್ಲ ನಮಸ್ಕಾರ ಹೇಳುತ್ತ ನಡೆದು ಹೋಗುತ್ತಾನೆ, ಕ್ಯಾಮೆರಾ ಎಲ್ಲಿಯೂ ಕತ್ತರಿಸದೆ ಅವನ ಜೊತೆಗೇ ಸಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಾಯಿ ಮರಳಿನ ಮೇಲೆ ಓಡಿ ಬಂದು, ಹೊದಿಕೆಯ ಕೆಳಗಿನಿಂದ ಹೊರಚಾಚಿದ ಮಗನ ಶೂಗಳನ್ನು ಕಂಡು ಗುರುತಿಸುತ್ತಾಳೆ. ಮುಖವಲ್ಲ, ಗಾಯವಲ್ಲ, ಆಕೆ ಕಾಣುವುದು ಶೂಗಳನ್ನು ಮಾತ್ರ. ಆ ಬೀದಿಯಲ್ಲಿ ನಮಸ್ಕಾರ ಪಡೆದವರೆಲ್ಲರೂ ಎಂಟು ಕಂತುಗಳ ಉದ್ದಕ್ಕೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವವರಾಗುತ್ತಾರೆ. ಒಂದು ಕೊಲೆ ಒಂದು ಊರನ್ನು ಒಳಗಿನಿಂದ ಹೇಗೆ ಒಡೆಯುತ್ತದೆ ಎಂಬುದನ್ನು ಹೇಳಲು ಧಾರಾವಾಹಿಗಿಂತ ಒಳ್ಳೆಯ ಪ್ರಕಾರ ನನಗೆ ಗೊತ್ತಿಲ್ಲ.

ಹಾಗಾದರೆ ಒಂದೇ ಕಂತಿನಲ್ಲಿ ಮುಗಿದುಹೋಗುವ ಕಥೆಗಳು ಕಡಿಮೆ ದರ್ಜೆಯವೇ?

ಖಂಡಿತ ಅಲ್ಲ. ಅವುಗಳ ಶಕ್ತಿ ಕಟ್ಟುಪಾಡಿನಿಂದ ಬರುತ್ತದೆ. ಪೀಟರ್ ಫಾಕ್ ನಟಿಸಿದ ಅಮೆರಿಕದ ‘ಕೊಲಂಬೊ’ ಸಾಮಾನ್ಯವಾಗಿ ಕೊಲೆಗಾರನನ್ನು ಮೊದಲೇ ತೋರಿಸಿಬಿಡುತ್ತದೆ. ಯಾರು ಎಂಬ ಕುತೂಹಲವನ್ನು ಬಿಟ್ಟುಕೊಟ್ಟ ಮೇಲೂ ವೀಕ್ಷಕನನ್ನು ಕೂರಿಸಬೇಕೆಂದರೆ ಉಳಿಯುವುದು ಸಂಭಾಷಣೆ, ತರ್ಕ ಮತ್ತು ಇಬ್ಬರು ನಟರ ಮುಖಾಮುಖಿ ಮಾತ್ರ. ದೂರದರ್ಶನದಲ್ಲಿ 1993ರಲ್ಲಿ ಬಂದ ‘ಬ್ಯೋಮಕೇಶ್ ಬಕ್ಷಿ’ಯೂ ಇಂಥ ಸಂಯಮದ ಕೆಲಸ. ಬಾಸು ಚಟರ್ಜಿಯವರ ನಿರ್ದೇಶನದಲ್ಲಿ ರಜಿತ್ ಕಪೂರ್ ಧೋತಿಯುಟ್ಟು, ಧ್ವನಿ ಏರಿಸದೆ, ಎದುರಿಗಿರುವವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಯೋಚಿಸುತ್ತಿದ್ದರು. ಕೇಳಿಸಿಕೊಳ್ಳುವ ಪತ್ತೇದಾರರು ಟಿವಿಯಲ್ಲಿ ಈಗ ಅಪರೂಪವಾಗಿದ್ದಾರೆ.

‘ಸಿಐಡಿ’ಯ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಇದು ಎಲ್ಲರೂ ಕೇಳುವ ಪ್ರಶ್ನೆ. 1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭವಾಗಿ 2018ರ ಅಕ್ಟೋಬರ್‌ವರೆಗೆ ನಡೆದು, 1,500ಕ್ಕೂ ಹೆಚ್ಚು ಕಂತುಗಳನ್ನು ಕಂಡ ಈ ಧಾರಾವಾಹಿ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಗೆ ಬಂತು. ಹಿಂದಿ ಸರಿಯಾಗಿ ಬಾರದ ನನ್ನ ಅಜ್ಜಿ ರಾತ್ರಿ ಹತ್ತು ಗಂಟೆಗೆ ಊಟದ ತಟ್ಟೆಗಳನ್ನೆಲ್ಲ ಎತ್ತಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಎಸಿಪಿ ಪ್ರದ್ಯುಮನ್ ಬೆರಳು ತಿರುಗಿಸಿದಾಗ ಏನೋ ಹೊಳೆಯಿತೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲು ಒಡೆಯುವ ಇನ್‌ಸ್ಪೆಕ್ಟರ್ ದಯಾ ಪಾತ್ರದ ದಯಾನಂದ ಶೆಟ್ಟಿಯವರು ಉಡುಪಿ ಕಡೆಯವರೆಂಬುದು ನಮ್ಮ ಕರಾವಳಿಯವರ ಪಾಲಿಗೆ ಇಂದಿಗೂ ಹೆಮ್ಮೆಯ ವಿಷಯ.

ತಾಂತ್ರಿಕ ಧೈರ್ಯವೂ ಆ ತಂಡಕ್ಕಿತ್ತು. 2004ರಲ್ಲಿ ಅವರು 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಿ ದಾಖಲೆ ಮಾಡಿದರು. ಭಾಷೆಯ ಗಡಿ ದಾಟಿ ಇಡೀ ಮನೆಯನ್ನು ಒಟ್ಟಿಗೆ ಕೂರಿಸುವ ಶಕ್ತಿಯನ್ನು ಹಗುರವಾಗಿ ಕಾಣಬಾರದು. ಆದರೆ ಪ್ರಯೋಗಾಲಯದ ಉತ್ತರ ನಿಂತ ನಿಲುವಿನಲ್ಲಿ ಸಿಗುವುದು, ಶಂಕಿತನ ಕೆನ್ನೆಗೆ ಒಂದು ಏಟು ಬಿದ್ದ ತಕ್ಷಣ ಸತ್ಯ ಹೊರಬರುವುದು, ಅಲ್ಲಿಗೆ ಪ್ರಕರಣವೇ ಮುಗಿದುಹೋಗುವುದು ಎಂಬ ಮೂರು ಅಭ್ಯಾಸಗಳನ್ನು ನಮ್ಮ ದೇಶದ ವೀಕ್ಷಕರಲ್ಲಿ ಅತಿ ಆಳವಾಗಿ ಊರಿದ್ದು ಕೂಡ ಇದೇ ಧಾರಾವಾಹಿ. ಮುಂದಿನ ಉತ್ತರಗಳಲ್ಲಿ ನಾನು ದೂರುವುದು ಮುಖ್ಯವಾಗಿ ಈ ಮೂರನ್ನೇ.

ಕೊನೆಯ ತಪ್ಪೊಪ್ಪಿಗೆಯ ದೃಶ್ಯಕ್ಕೆ ನಿಮ್ಮ ಆಕ್ಷೇಪವೇಕೆ?

ಏಕೆಂದರೆ ಈ ಪ್ರಕಾರದ ಅತಿ ದೊಡ್ಡ ದೋಷ ಅದೇ ಎಂದು ನಾನು ಭಾವಿಸುತ್ತೇನೆ. ಕಥೆಗಾರನಿಗೆ ತಪ್ಪೊಪ್ಪಿಗೆ ಬಹಳ ಅನುಕೂಲದ್ದು: ಹರಡಿಕೊಂಡ ಎಳೆಗಳನ್ನೆಲ್ಲ ಅಪರಾಧಿಯ ಬಾಯಿಂದಲೇ ಎರಡು ನಿಮಿಷದಲ್ಲಿ ಕಟ್ಟಿಸಬಹುದು, ಹಿಂದಿನ ದೃಶ್ಯಗಳನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ತೋರಿಸಬಹುದು, ಅನುಮಾನಕ್ಕೆ ಎಡೆಯಿಲ್ಲದಂತೆ ಮುಗಿಸಬಹುದು. ಆದರೆ ನಮ್ಮ ಕಾನೂನು ಇದನ್ನು ನಂಬುವುದೇ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ನಿಯಮ ಉಳಿದುಕೊಂಡಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊಡೆದರೆ ಮನುಷ್ಯ ಏನನ್ನಾದರೂ ಒಪ್ಪಿಕೊಳ್ಳುತ್ತಾನೆ ಎಂಬ ಅರಿವಿನಿಂದ ಹುಟ್ಟಿದ ನಿಯಮವಿದು.

ಇದನ್ನು ಅತ್ಯಂತ ನೋವಿನಿಂದ ತೋರಿಸಿದ್ದು 2019ರ ‘ವೆನ್ ದೇ ಸೀ ಅಸ್’ ಎಂಬ ನಾಲ್ಕು ಕಂತುಗಳ ಧಾರಾವಾಹಿ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋಗಿದ್ದ ಮಹಿಳೆಯೊಬ್ಬರ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ 14ರಿಂದ 16 ವರ್ಷದ ಐವರು ಹುಡುಗರನ್ನು ಗಂಟೆಗಟ್ಟಲೆ ವಿಚಾರಣೆಗೆ ಒಳಪಡಿಸಿ ತಪ್ಪೊಪ್ಪಿಸಲಾಯಿತು. 2002ರಲ್ಲಿ ನಿಜವಾದ ಅಪರಾಧಿ ತಾನೇ ಮುಂದೆ ಬಂದು, ಡಿಎನ್‌ಎ ಕೂಡ ಅವನದ್ದೇ ಎಂದು ದೃಢಪಟ್ಟ ಮೇಲೆ, ಆ ಐವರ ಶಿಕ್ಷೆಗಳು ರದ್ದಾದವು. ಹಸಿವಾಗಿದೆ, ನಿದ್ದೆ ಬರುತ್ತಿದೆ, ಸಹಿ ಹಾಕಿದರೆ ಮನೆಗೆ ಕಳಿಸುತ್ತಾರೆ ಎಂದು ನಂಬಿದ ಹುಡುಗರು ಅವರು. ಅದನ್ನು ನೋಡಿದ ಮೇಲೆ ಕೆನ್ನೆಗೆ ಹೊಡೆದು ಸತ್ಯ ಹೊರತೆಗೆಯುವ ಯಾವ ದೃಶ್ಯವನ್ನೂ ನನ್ನಿಂದ ಹಿಂದಿನಂತೆ ನೋಡಲು ಆಗಿಲ್ಲ.

ಮಂಪರು ಪರೀಕ್ಷೆಯ ದೃಶ್ಯಗಳಲ್ಲಿ ತೋರಿಸುವುದು ನಿಜವೇ?

ಚುಚ್ಚುಮದ್ದು ಕೊಟ್ಟ ಕೂಡಲೇ ಆರೋಪಿ ಕಣ್ಣುಮುಚ್ಚಿ ನಡೆದದ್ದನ್ನೆಲ್ಲ ಕ್ರಮವಾಗಿ ಹೇಳುವುದು ಕಥೆಯ ಅನುಕೂಲ ಮಾತ್ರ. ಈ ವಿಷಯದಲ್ಲಿ ಕನ್ನಡ ವೀಕ್ಷಕರು ತಿಳಿದಿರಬೇಕಾದ ತೀರ್ಪೊಂದಿದೆ, ಅದರ ಹೆಸರಿನಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ನಕ್ಷೆ ತೆಗೆಯುವ ಪರೀಕ್ಷೆ ಈ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಬಾರದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಅದಕ್ಕೂ ಮುಂಚೆ ದೇಶದ ಬೇರೆ ಬೇರೆ ಕಡೆಯ ಆರೋಪಿಗಳನ್ನು ಈ ಪರೀಕ್ಷೆಗಳಿಗಾಗಿ ಬೆಂಗಳೂರಿಗೇ ಕರೆತರಲಾಗುತ್ತಿತ್ತು. ತೀರ್ಪು ಬಂದು ಇಷ್ಟು ವರ್ಷಗಳಾದರೂ ತೆರೆಯ ಮೇಲಿನ ತನಿಖಾಧಿಕಾರಿ ಒಪ್ಪಿಗೆಯ ಮಾತನ್ನೇ ಎತ್ತುವುದಿಲ್ಲ.

ವಿಧಿವಿಜ್ಞಾನವನ್ನು ಈ ಧಾರಾವಾಹಿಗಳು ಸರಿಯಾಗಿ ತೋರಿಸುತ್ತವೆಯೇ?

ಆಸಕ್ತಿ ಹುಟ್ಟಿಸುವಷ್ಟರ ಮಟ್ಟಿಗೆ ಉಪಕಾರ ಮಾಡಿವೆ, ವೇಗದ ವಿಷಯದಲ್ಲಿ ದಾರಿ ತಪ್ಪಿಸಿವೆ. 2000ದಲ್ಲಿ ಆರಂಭವಾದ, ಲಾಸ್ ವೇಗಾಸ್ ನಗರದ ಕಥೆ ಹೇಳುವ ‘ಸಿಎಸ್‌ಐ’ ಬಂದ ಮೇಲೆ ಅಮೆರಿಕದ ವಕೀಲರಲ್ಲಿ ಒಂದು ಹೊಸ ಆತಂಕ ಹುಟ್ಟಿಕೊಂಡಿತು: ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯಲ್ಲಿ, ಕೂತವರು ಪ್ರತಿಯೊಂದು ಪ್ರಕರಣದಲ್ಲೂ ಡಿಎನ್‌ಎ ಬೇಕೆಂದು ನಿರೀಕ್ಷಿಸುತ್ತಾರೆ ಎಂದು. ಜ್ಯೂರಿ ಪದ್ಧತಿ ನಮ್ಮಲ್ಲಿಲ್ಲದಿದ್ದರೂ ಆ ನಿರೀಕ್ಷೆ ನಮ್ಮ ಮನೆಗಳಲ್ಲೂ ಇದೆ. ಕಳ್ಳತನವಾದ ಮನೆಯವರು ಠಾಣೆಯವರನ್ನು ಬೆರಳಚ್ಚು ಏಕೆ ಇನ್ನೂ ಹೊಂದಿಕೆಯಾಗಿಲ್ಲ ಎಂದು ಮರುದಿನವೇ ಕೇಳುತ್ತಾರೆ.

ವಾಸ್ತವದಲ್ಲಿ ಮಾದರಿಯನ್ನು ಸಂಗ್ರಹಿಸಬೇಕು, ಪಂಚರ (ಸ್ಥಳದಲ್ಲಿ ಸಾಕ್ಷಿಯಾಗಿ ನಿಲ್ಲುವವರ) ಎದುರು ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಹಾಕಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಡಬೇಕು, ಬೆಂಗಳೂರಿನ ಮಡಿವಾಳದಲ್ಲಿರುವಂಥ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿ ಸರದಿ ಬರುವವರೆಗೆ ಕಾಯಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪ್ರತಿವಾದಿ ವಕೀಲರಿಗೆ ಅದೇ ಸಾಕು. ರಕ್ತದ ಕಲೆ ಹೊಳೆಯುವಂತೆ ಮಾಡುವ ಲ್ಯುಮಿನಾಲ್ ಎಂಬ ರಾಸಾಯನಿಕವನ್ನೇ ನೋಡಿ: ಬ್ಲೀಚಿಂಗ್ ದ್ರಾವಣ ಬಿದ್ದ ಕಡೆಯಲ್ಲೂ ಅದು ಹೊಳೆಯುತ್ತದೆ. ಕತ್ತಲ ಕೋಣೆಯಲ್ಲಿ ನೀಲಿ ಬೆಳಕು ಕಂಡ ಮಾತ್ರಕ್ಕೆ ರಕ್ತವೆಂದು ತೀರ್ಮಾನಿಸುವಂತಿಲ್ಲ, ಇನ್ನೊಂದು ಪರೀಕ್ಷೆ ಆಗಲೇಬೇಕು. ಆ ಎರಡನೆಯ ಪರೀಕ್ಷೆಗೆ ಕಾಯುವ ಹೊತ್ತಿನಲ್ಲಿ ಒಳ್ಳೆಯ ನಾಟಕ ಇದೆ ಎಂದು ನನಗೆ ಯಾವಾಗಲೂ ಅನಿಸಿದೆ.

ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ, ರಾಜ್ಯಗಳಿಗೆ ಅದನ್ನು ಜಾರಿಗೊಳಿಸಲು ಐದು ವರ್ಷಗಳ ಅವಧಿ ಇದೆ. ಮುಂದಿನ ಧಾರಾವಾಹಿಗಳಿಗೆ ಇದೊಂದೇ ಬೇಕಾದಷ್ಟು ಹೊಸ ಸಾಮಗ್ರಿ ಒದಗಿಸಬಲ್ಲದು.

ಸಾವಿನ ಸಮಯವನ್ನು ವೈದ್ಯರು ನಿಖರವಾಗಿ ಹೇಳಬಲ್ಲರೇ?

ಇಲ್ಲ. ದೇಹ ತಣ್ಣಗಾಗುವುದು, ಸೆಟೆದುಕೊಳ್ಳುವುದು, ರಕ್ತ ಕೆಳಭಾಗಕ್ಕೆ ಇಳಿಯುವುದು ಇವೆಲ್ಲ ಹವೆ, ಬಟ್ಟೆ, ಮೈಕಟ್ಟುಗಳ ಮೇಲೆ ಅವಲಂಬಿಸಿರುತ್ತವೆ. ರಾಯಚೂರಿನ ಮೇ ತಿಂಗಳು ಬೇರೆ, ಮಡಿಕೇರಿಯ ಡಿಸೆಂಬರ್ ಬೇರೆ. ವೈದ್ಯರು ಕೊಡುವುದು ಗಂಟೆಗಳ ಒಂದು ಅಂತರವನ್ನು, ಗಡಿಯಾರದ ನಿಮಿಷವನ್ನಲ್ಲ.

ನ್ಯಾಯಾಲಯದ ದೃಶ್ಯಗಳು ಏಕೆ ಸಪ್ಪೆಯಾಗಿರುತ್ತವೆ, ಅಥವಾ ಏಕೆ ಇರುವುದೇ ಇಲ್ಲ?

ಬಂಧನದೊಂದಿಗೆ ಕಥೆ ಮುಗಿಯುತ್ತದೆ ಎಂಬ ನಂಬಿಕೆ ಬರಹಗಾರರಲ್ಲಿ ಬೇರೂರಿದೆ. ಆದರೆ ಪ್ರಕರಣವೊಂದರ ಕಷ್ಟದ ಅರ್ಧ ಆರಂಭವಾಗುವುದೇ ಅಲ್ಲಿಂದ. 1990ರಲ್ಲಿ ಆರಂಭವಾದ ಅಮೆರಿಕದ ‘ಲಾ ಅಂಡ್ ಆರ್ಡರ್’ ಇದನ್ನು ಅರಿತು ಪ್ರತಿ ಕಂತನ್ನೂ ಎರಡು ಪಾಲು ಮಾಡಿತು: ಮೊದಲ ಪಾಲು ಪೊಲೀಸರದ್ದು, ಎರಡನೆಯದು ಸರ್ಕಾರಿ ವಕೀಲರದ್ದು. ಮೊದಲ ಪಾಲಿನಲ್ಲಿ ಪೊಲೀಸರು ಆತುರದಿಂದ ಮಾಡಿದ ಶೋಧ ಎರಡನೆಯ ಪಾಲಿನಲ್ಲಿ ಸಾಕ್ಷ್ಯವನ್ನೇ ನುಂಗಿಹಾಕುವುದನ್ನು ಅದು ಮತ್ತೆ ಮತ್ತೆ ತೋರಿಸಿತು. ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ಅವರು ‘ಮುಕ್ತ’ದಂಥ ಧಾರಾವಾಹಿಗಳಲ್ಲಿ ನ್ಯಾಯಾಲಯಕ್ಕೆ ಕೊಟ್ಟ ಜಾಗವನ್ನು ನಾವು ಮರೆಯಬಾರದು. ಅವರೇ ವಕೀಲ ಸಿಎಸ್‌ಪಿಯಾಗಿ ನಿಂತು ಪಾಟೀಸವಾಲು ಮಾಡುವಾಗ, ಸಾಕ್ಷಿಯನ್ನು ಒಂದು ಮಾತಿನಿಂದ ಇನ್ನೊಂದಕ್ಕೆ ನಿಧಾನವಾಗಿ ಒಯ್ಯುವ ಆ ಬಗೆಗಾಗಿ ಮನೆಮಂದಿಯೆಲ್ಲ ಕಾದು ಕೂರುತ್ತಿದ್ದರು.

ಇನ್ನೊಂದು ಮಾತನ್ನು ನಮ್ಮ ಮನೆಯ ಅನುಭವದಿಂದ ಹೇಳುತ್ತೇನೆ. ಪಕ್ಕದ ಮನೆಯಲ್ಲಿ ಕಳ್ಳತನವಾದಾಗ ನನ್ನ ತಂದೆಯವರು ಮಹಜರಿಗೆ ಪಂಚರಾಗಿ ಸಹಿ ಹಾಕಿದ್ದರು. ನಾಲ್ಕು ವರ್ಷಗಳ ನಂತರ ಸಮನ್ಸ್ ಬಂತು. ಅದನ್ನು ಅವರು ಪಂಚಾಂಗದ ಹಾಳೆಗಳ ನಡುವೆ ಮಡಿಸಿಟ್ಟಿದ್ದರು. ಮೂರು ಬಾರಿ ಹೋಗಿ, ಬೆಳಗಿನಿಂದ ಸಂಜೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತು, ವಾಯಿದೆ ಬಿದ್ದು ವಾಪಸು ಬಂದರು. ನಾಲ್ಕನೆಯ ಬಾರಿ ಕಟಕಟೆ ಹತ್ತಿದಾಗ ಪ್ರತಿವಾದಿ ವಕೀಲರು ಕೇಳಿದ್ದು ಮುದ್ದೆಮಾಲು (ಪೊಲೀಸರು ವಶಪಡಿಸಿಕೊಂಡ ವಸ್ತು) ಕಟ್ಟಿದ್ದ ಬಟ್ಟೆಯ ಬಣ್ಣ ಯಾವುದೆಂದು. ಬಿಳಿ ಇರಬೇಕು ಎಂದರು ತಂದೆಯವರು. ಮಹಜರಿನಲ್ಲಿ ಕಂದು ಎಂದಿತ್ತು. ಆ ದಿನ ರಾತ್ರಿ ಅವರು ಊಟ ಮಾಡದೆ, ತಾವು ಸುಳ್ಳು ಹೇಳಿದೆನೇ ಎಂದು ಅಮ್ಮನನ್ನು ಎರಡು ಸಲ ಕೇಳಿದರು. ಪ್ರಾಮಾಣಿಕ ಸಾಕ್ಷಿಯೊಬ್ಬ ಮರೆವಿನಿಂದ ಸೋಲುವ ಆ ಗಳಿಗೆಯನ್ನು ಯಾವ ಧಾರಾವಾಹಿಯಲ್ಲೂ ನಾನು ಇನ್ನೂ ನೋಡಿಲ್ಲ, ನೋಡಬೇಕೆಂಬ ಆಸೆ ಇದೆ.

ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ತೋರಿಸುವ ರೀತಿ ಸರಿಯೇ?

ಬಹುಪಾಲು ಸರಿಯಿಲ್ಲ. ಮೊದಲ ದೃಶ್ಯದಲ್ಲಿ ಯುವತಿಯೊಬ್ಬಳ ಹೆಣ, ಅದರ ಮೇಲೆ ನಿಧಾನವಾಗಿ ಹರಿದಾಡುವ ಕ್ಯಾಮೆರಾ, ಆಮೇಲೆ ಆಕೆಯ ಹೆಸರನ್ನೂ ಮರೆತು ತನಿಖಾಧಿಕಾರಿಯ ಮನಸ್ಸಿನ ಗಾಯಗಳ ಕಥೆ. ಎಷ್ಟೋ ಮೆಚ್ಚುಗೆ ಪಡೆದ ಧಾರಾವಾಹಿಗಳು ಕೂಡ ಹೀಗೆಯೇ ನಡೆದುಕೊಂಡಿವೆ. ಬೇರೆ ದಾರಿ ಇದೆ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. 2012ರ ಡಿಸೆಂಬರ್ 16ರ ದೆಹಲಿ ಪ್ರಕರಣವನ್ನು ಆಧರಿಸಿದ, ರಿಚಿ ಮೆಹ್ತಾ ನಿರ್ದೇಶನದ ‘ಡೆಲ್ಲಿ ಕ್ರೈಂ’ ಮೊದಲ ಸರಣಿ (2019) ಆ ಕ್ರೌರ್ಯವನ್ನು ತೆರೆಯ ಮೇಲೆ ತೋರಿಸಲೇ ಇಲ್ಲ. ವೈದ್ಯರು ವರದಿ ಹೇಳುವಾಗ ಪೊಲೀಸ್ ಅಧಿಕಾರಿಯ ಪಾತ್ರದ ಶೆಫಾಲಿ ಶಾ ಅವರ ಮುಖದಲ್ಲಿ ಆಗುವ ಬದಲಾವಣೆಯೇ ಅದರ ಭಾರವನ್ನು ಹೊತ್ತಿತು. ಅದಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು.

ಎರಡನೆಯದು ಅಮೆರಿಕದ ‘ಅನ್‌ಬಿಲೀವಬಲ್’ (2019), ಪುಲಿಟ್ಜರ್ ಪ್ರಶಸ್ತಿ ಪಡೆದ ಪತ್ರಿಕಾ ವರದಿಯನ್ನು ಆಧರಿಸಿದ ಎಂಟು ಕಂತುಗಳು. ತನ್ನ ಮೇಲೆ ಅತ್ಯಾಚಾರವಾಯಿತೆಂದು ಹೇಳಿದ ಹುಡುಗಿಯೊಬ್ಬಳಿಂದ ಅದೇ ವಿವರವನ್ನು ಒಬ್ಬರಾದ ಮೇಲೊಬ್ಬರು ಮತ್ತೆ ಮತ್ತೆ ಹೇಳಿಸಿ, ಸಣ್ಣ ವ್ಯತ್ಯಾಸಗಳನ್ನು ಹಿಡಿದು, ಕೊನೆಗೆ ಸುಳ್ಳು ದೂರು ಕೊಟ್ಟಳೆಂದು ಆಕೆಯ ಮೇಲೆಯೇ ಮೊಕದ್ದಮೆ ಹೂಡುತ್ತಾರೆ. ಬೇರೊಂದು ರಾಜ್ಯದಲ್ಲಿ ಇಬ್ಬರು ಮಹಿಳಾ ತನಿಖಾಧಿಕಾರಿಗಳು ಸಂತ್ರಸ್ತೆಯ ಪಕ್ಕದಲ್ಲಿ ಕೂತು, ನಿಮಗೆ ಅನುಕೂಲವಾದಾಗ ಹೇಳಿ ಎನ್ನುತ್ತಾರೆ. ಪ್ರಶ್ನೆ ಕೇಳುವ ಕ್ರಮವೇ ತನಿಖೆಯನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಈ ಧಾರಾವಾಹಿ.

ನಿಜ ಘಟನೆಗಳ ನಾಟಕರೂಪವನ್ನು ನೋಡಬಹುದೇ?

ನೋಡಬಹುದು, ಎಚ್ಚರವಿದ್ದರೆ. 2003ರಲ್ಲಿ ಆರಂಭವಾದ ‘ಕ್ರೈಂ ಪ್ಯಾಟ್ರೋಲ್’ ಸಣ್ಣ ಊರುಗಳ, ಬಾಡಿಗೆ ಮನೆಗಳ, ವರದಕ್ಷಿಣೆಯ ಲೆಕ್ಕಾಚಾರದ ಭಾರತವನ್ನು ತೆರೆಗೆ ತಂದಿತು, ಅದು ಸಣ್ಣ ಸಾಧನೆಯಲ್ಲ. ಆದರೆ ತೆರೆಯ ಮೇಲಿನ ಹೆಸರು ಬದಲಾದರೂ ಊರಿನವರಿಗೆ ಯಾರ ಕಥೆಯೆಂದು ತಿಳಿಯುತ್ತದೆ. ಅತ್ಯಾಚಾರ ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಕೊಲೆಯಾದವರ ಮನೆಯವರಿಗೆ ಅಂಥ ರಕ್ಷಣೆ ಇಲ್ಲ. ಅವರ ಸಮ್ಮತಿ ಕೇಳುವುದು ನಿರ್ಮಾಪಕರ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿರುವುದು ನನ್ನನ್ನು ಬಾಧಿಸುತ್ತದೆ.

‘ದಿ ವೈರ್’ ಅನ್ನು ಎಲ್ಲರೂ ಅಷ್ಟು ಹೊಗಳುವುದು ಏಕೆ?

ಹೊಗಳಿಕೆ ಅದಕ್ಕೆ ಸಲ್ಲಬೇಕಾದದ್ದೇ. 2002ರಿಂದ 2008ರವರೆಗೆ 60 ಕಂತುಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಾದಕವಸ್ತು ವ್ಯಾಪಾರ, ಬಂದರು, ನಗರಾಡಳಿತ, ಶಾಲೆ, ಪತ್ರಿಕೆ ಇವನ್ನು ಸರಣಿಗೊಂದರಂತೆ ಅದು ಬಗೆದು ನೋಡಿತು. ರೂಪಿಸಿದ ಡೇವಿಡ್ ಸೈಮನ್ ಅದೇ ನಗರದಲ್ಲಿ ಅಪರಾಧ ವರದಿಗಾರರಾಗಿದ್ದವರು, ಜೊತೆಗಾರ ಎಡ್ ಬರ್ನ್ಸ್ ಅಲ್ಲಿಯ ಪೊಲೀಸ್ ಪತ್ತೇದಾರರಾಗಿ, ಆಮೇಲೆ ಶಿಕ್ಷಕರಾಗಿ ದುಡಿದವರು. ಇದರಲ್ಲಿ ಪೊಲೀಸರಿಗೆ ದೂರವಾಣಿ ಕದ್ದಾಲಿಸಲು ನ್ಯಾಯಾಧೀಶರ ಅನುಮತಿ ಬೇಕೆಂದರೆ ಬೇರೆಲ್ಲ ದಾರಿಗಳೂ ಸೋತಿವೆ ಎಂದು ತೋರಿಸಬೇಕು. ಆ ಕಾಗದಪತ್ರದ ಕೆಲಸಕ್ಕೇ ಕಂತುಗಳು ಹಿಡಿಯುತ್ತವೆ.

ಒಂದು ವಿವರ ಸಾಕು. ಬೀದಿಯ ಹುಡುಗರು ಪೇಜರ್‌ಗೆ ಕಳಿಸುವ ಸಂಖ್ಯೆಗಳು ಯಾವ ಫೋನಿಗೂ ಹೊಂದುವುದಿಲ್ಲ. ಠಾಣೆಯಲ್ಲಿ ಯಾರೂ ಲೆಕ್ಕಕ್ಕಿಡದ ಪೊಲೀಸನೊಬ್ಬ ಫೋನಿನ ಗುಂಡಿಗಳನ್ನೇ ನೋಡುತ್ತ ಕೂತು ಕಂಡುಹಿಡಿಯುತ್ತಾನೆ: ನಡುವಿನ 5ನ್ನು ದಾಟಿ ಎದುರಿಗಿರುವ ಅಂಕಿಯನ್ನು ಒತ್ತುತ್ತಾರೆ. 1 ಇದ್ದಲ್ಲಿ 9, 2 ಇದ್ದಲ್ಲಿ 8, 5 ಮತ್ತು ಸೊನ್ನೆ ಅದಲುಬದಲು. ಶಾಲೆ ಬಿಟ್ಟ ಹುಡುಗರು ಲೆಕ್ಕವಿಲ್ಲದೆ ಬಳಸಬಹುದಾದ ಗುಪ್ತಲಿಪಿ ಅದು. ಆ ಹುಡುಗರ ಜಾಣತನವನ್ನೂ ಆ ಪೊಲೀಸನ ತಾಳ್ಮೆಯನ್ನೂ ಒಂದೇ ದೃಶ್ಯ ಗೌರವಿಸುತ್ತದೆ. ಮೊದಲ ನಾಲ್ಕು ಕಂತುಗಳು ಕಷ್ಟ. ಪಾತ್ರಗಳು ಹೆಚ್ಚು, ಬೀದಿಯ ಇಂಗ್ಲಿಷು ಬೇಗ ಕಿವಿಗೆ ಹತ್ತುವುದಿಲ್ಲ. ಅಡಿಬರಹ ಹಾಕಿಕೊಂಡು ನೋಡಿ.

ಮಕ್ಕಳ ಜೊತೆ ಕೂತು ನೋಡಬಹುದೇ?

ಹತ್ತು-ಹನ್ನೆರಡರ ಮಕ್ಕಳಿಗೆ ‘ಬ್ಯೋಮಕೇಶ್ ಬಕ್ಷಿ’ಯ ಹೆಚ್ಚಿನ ಕಂತುಗಳನ್ನು ದೊಡ್ಡವರು ಜೊತೆಗಿದ್ದು ತೋರಿಸಬಹುದು. ಮೇಲೆ ಹೇಳಿದ ಉಳಿದ ಗಂಭೀರ ಧಾರಾವಾಹಿಗಳು ದೊಡ್ಡವರಿಗೆ ಮಾತ್ರ.

ಕನ್ನಡದಲ್ಲಿ ಎಂಥ ಅಪರಾಧ ಧಾರಾವಾಹಿ ಬರಬೇಕೆಂದು ಬಯಸುತ್ತೀರಿ?

ಎಂಟು ಅಥವಾ ಹತ್ತು ಕಂತು, ಒಂದೇ ಪ್ರಕರಣ, ಒಂದೇ ತಾಲ್ಲೂಕು. ದಿನನಿತ್ಯದ ಧಾರಾವಾಹಿಯ ಒತ್ತಡದಲ್ಲಿ, ವಾರಕ್ಕೆ ಐದಾರು ಕಂತುಗಳನ್ನು ಒಪ್ಪಿಸಬೇಕಾದ ಅವಸರದಲ್ಲಿ ಇದು ಸಾಧ್ಯವಾಗುವುದಿಲ್ಲವೆಂದು ಬಲ್ಲೆ. ಮೊದಲೇ ಪೂರ್ತಿ ಬರೆದು ಮುಗಿಸಿದ ಕಥೆ ಬೇಕು. ಪೊಲೀಸರು ಎಲ್ಲ ಊರಿನಲ್ಲೂ ಬೆಂಗಳೂರಿನ ಪುಸ್ತಕದ ಕನ್ನಡ ಆಡಬಾರದು. ಕಲಬುರಗಿಯ ಠಾಣೆಯಲ್ಲಿ ಕಲಬುರಗಿಯ ಮಾತು, ಪುತ್ತೂರಿನ ಠಾಣೆಗೆ ವರ್ಗವಾಗಿ ಬಂದ ಬಯಲುಸೀಮೆಯ ಸಬ್ ಇನ್‌ಸ್ಪೆಕ್ಟರಿಗೆ ತುಳುವಿನಲ್ಲಿ ಹೇಳಿಕೆ ಕೊಡುವ ಅಜ್ಜಿಯ ಮಾತು ಅರ್ಥವಾಗದೆ ಕಾನ್‌ಸ್ಟೆಬಲ್ ಒಬ್ಬರು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳುವುದು, ಆ ತಿರುಗಿಸುವಿಕೆಯಲ್ಲಿ ಒಂದು ಪದ ಆಚೀಚೆಯಾಗಿ ಹೇಳಿಕೆಯ ಅರ್ಥವೇ ಬದಲಾಗುವುದು, ಅದು ಮೂರು ವರ್ಷಗಳ ನಂತರ ಪಾಟೀಸವಾಲಿನಲ್ಲಿ ಹೊರಬೀಳುವುದು. ಠಾಣೆಯ ರೈಟರ್ ಆ ಹೇಳಿಕೆಯನ್ನು ಬರೆದುಕೊಳ್ಳುವಾಗ ಪೆನ್ನು ನಿಲ್ಲಿಸಿ, ಅಜ್ಜಿ ಹೇಳಿದ್ದು ‘ನೋಡಿದೆ’ ಎಂದೋ ‘ಕೇಳಿದೆ’ ಎಂದೋ ಎಂದು ಕಾನ್‌ಸ್ಟೆಬಲ್ಲನ್ನು ಕೇಳುವ ದೃಶ್ಯದಿಂದ ಮೊದಲ ಕಂತು ಆರಂಭವಾಗಲಿ.